ಸೈಲೆನ್ಸರ್ ನಟ್ ಕಚ್ಚಿಕೊಂಡಿದೆ, ಬಿಚ್ಚೋದು ಹೇಗೆ?

ಪ್ರಶ್ನೆ: ಹಳೇ 100 ಸಿಸಿ ಬೈಕಿನ ಹೆಡ್ (ಇಂಜಿನ್ ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಬೇಕು. ಸೈಲೆನ್ಸರ್‌ನ ಎರಡೂ ನಟ್‌ಗೆ ತುಕ್ಕು. ಸ್ಪ್ಯಾನರ್ ಜಾರುತ್ತಿದೆ. ಹಿಡಿಗೆ ಪೈಪ್ ಸಿಗಿಸಿ ಎಳೆಯಲಾ?

ಗ್ಯಾರೇಜ್‌ನವ: ಪೈಪ್ ಬೇಡವೇ ಬೇಡ ಮಾರಾಯ್ರೆ. ಸ್ಟಡ್, ಅಂದರೆ ನಟ್ ಕೂರುವ ಥ್ರೆಡ್ ಕಡ್ಡಿ, ಹೆಡ್‌ನೊಳಗೇ ಮುರಿದರೆ ಡ್ರಿಲ್ ಹಾಕಿಸಬೇಕು, ಹೆಡ್ ಮೆತ್ತನೆ ಅಲ್ಯೂಮಿನಿಯಂ ಅಲ್ವಾ! ಮೊದಲು ವೈರ್ ಬ್ರಷ್‌ನಲ್ಲಿ ಥ್ರೆಡ್ ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ. ಓಪನ್ ಸ್ಪ್ಯಾನರ್ ಬದಿಗಿಡಿ, ಆರು ಮೂಲೆಯ ಸಾಕೆಟ್ ಹಾಕಿ. ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹೀಗೇ ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಕಿರ್ ಅಂದರೆ ನಿಲ್ಲಿಸಿ, ಇನ್ನಷ್ಟು ಎಣ್ಣೆ ಬಿಡಿ.

ಇನ್ನೊಬ್ಬರು: ಬಿಸಿ ಮಾಡಿದರೆ ಬೇಗ ಬರುತ್ತೆ.

ಗ್ಯಾರೇಜ್‌ನವ: ಬರುತ್ತೆ. ಆದರೆ ಪೆಟ್ರೋಲ್ ಟ್ಯಾಂಕ್ ಇಳಿಸಿ, ಎಣ್ಣೆ ಒರೆಸಿ, ಆಮೇಲೆ ಬೆಂಕಿ.

ಪ್ರಶ್ನೆ ಕೇಳಿದವರು: ಎರಡೂ ಬಂದವು ಅಣ್ಣ! ಹೆಡ್‌ನ ನಾಲ್ಕು ನಟ್‌ಗೆ ಏನಾದ್ರೂ ಕ್ರಮ ಇದೆಯಾ?

ಗ್ಯಾರೇಜ್‌ನವ: ಇಂಜಿನ್ ಪೂರ್ತಿ ತಣ್ಣಗಿರಲಿ. ಎದುರುಬದುರು ಮೂಲೆ ಹಿಡಿದು, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು. ಹಾಕುವಾಗಲೂ ಅದೇ ಕ್ರಮ, ಎರಡು ಮೂರು ಹಂತದಲ್ಲಿ. ಕೊನೆಗೆ ಮ್ಯಾನುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಹಾಕಿ. ಕೈ ಅಂದಾಜು ಇಲ್ಲಿ ನಡೆಯಲ್ಲ, ನನ್ನದೂ ಸೇರಿ.