ಮನೆಯ ಕಂಪ್ಯೂಟರಿಗೆ ಕನ್ನಡ ಡಿಕ್ಟೇಶನ್: ಅರ್ಧ ಮಾತು ನುಂಗುತ್ತದೆ, ಚುಕ್ಕಿ ಹಾಕುವುದಿಲ್ಲ

ಡೊಂಬಿವಲಿ ಈಸ್ಟ್

ಸಂಘದ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಕೈಬರಹದ ಲೇಖನಗಳು, ಸುಮಾರು 80 ಪುಟ, ಕಂಪ್ಯೂಟರಿಗೆ ಏರಬೇಕು. ಬೆರಳು ನೋವು, ಅವರಿಗೆ ಟೈಪ್ ಮಾಡಲು ಆಗದು. ತಾವೇ ಓದಿ ಹೇಳಲು ತಯಾರಿದ್ದಾರೆ. ಇರುವುದು ಡೆಸ್ಕ್‌ಟಾಪ್: ವಿಂಡೋಸ್ 11, ಐ5, 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಬಳಸುತ್ತಿದ್ದೇವೆ. ಮೊಬೈಲಿನ ಇಯರ್‌ಫೋನ್ ಹಿಂದಿನ ಗುಲಾಬಿ ತೂತಿನಲ್ಲಿದೆ. ಮಾನಿಟರಿನ ಮೇಲೊಂದು ವೆಬ್‌ಕ್ಯಾಮ್.

ತೊಂದರೆ ಮೂರು. ವಾಕ್ಯದ ನಡುವೆ ಎರಡು ಮೂರು ಪದ ಮಾಯವಾಗುತ್ತವೆ. ಸ್ವಲ್ಪ ಹೊತ್ತಿಗೆ ಮೈಕ್ ತಾನಾಗಿ ಆರಿಹೋಗುತ್ತದೆ. ಪೂರ್ಣವಿರಾಮ, ಅಲ್ಪವಿರಾಮ ಯಾವುದೂ ಬೀಳುವುದಿಲ್ಲ. ಕೊನೆಗೆ ಮುದ್ರಣದವರು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಕೊಡಿ ಎನ್ನುತ್ತಿದ್ದಾರೆ. ಬೇರೆ ಸಾಫ್ಟ್‌ವೇರ್ ಹಾಕಬೇಕೋ, ಇದನ್ನೇ ಸರಿಮಾಡಿಕೊಳ್ಳಬಹುದೋ?

ಕುರ್ಲಾ ಕುಡ್ಲ

ಸಾಫ್ಟ್‌ವೇರ್ ಹಾಗೇ ಇರಲಿ ಮಾರಾಯ್ರೆ, ನಿಮ್ಮ ಇಯರ್‌ಫೋನಿನ ಮೈಕ್ ಕೆಲಸವೇ ಮಾಡುತ್ತಿಲ್ಲ ಅಂತ ನನ್ನ ಅಂದಾಜು. ಅದರ ಪಿನ್ ನೋಡಿ, ಮೂರು ಕಪ್ಪು ಗೆರೆ ಉಂಟಲ್ಲ? ಎರಡು ಕಿವಿ, ಮೈಕ್, ಅರ್ತ್ ಎಲ್ಲ ಒಂದೇ ಪಿನ್ನಿನಲ್ಲಿ. ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಬೇಕಾದದ್ದು ಮೈಕ್ ಮಾತ್ರದ, ಎರಡು ಗೆರೆಯ ಪಿನ್. ನಿಮ್ಮದು ಒಳಗೆ ಹೋಗುತ್ತದೆ, ಆದರೆ ಮೈಕಿನ ತುದಿ ಸರಿಯಾದ ಜಾಗಕ್ಕೆ ತಾಗುವುದಿಲ್ಲ. ಆಗ ಕಂಪ್ಯೂಟರ್ ಸುಮ್ಮನೆ ವೆಬ್‌ಕ್ಯಾಮಿನ ಮೈಕ್ ಹಿಡಿಯುತ್ತದೆ. ಅದು ಬಾಯಿಂದ ಎರಡಡಿ ದೂರ. ಕೋಣೆಯ ಫ್ಯಾನು, ಕುಕ್ಕರ್ ಸೀಟಿ, ಕೆಳಗೆ ಭಾಜಿವಾಲನ ಕೂಗು, ಎಲ್ಲಾ ಅದಕ್ಕೆ ಒಂದೇ.

ಪರೀಕ್ಷೆ ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ, ಇನ್‌ಪುಟ್ ಭಾಗ ತೆರೆದಿಡಿ. ಇಯರ್‌ಫೋನಿನ ಮೈಕ್ ತೂತನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ವಾಲ್ಯೂಮ್ ಗೆರೆ ಜಿಗಿದರೆ ಮೈಕ್ ಸರಿ. ಅಲುಗದಿದ್ದರೆ ವೆಬ್‌ಕ್ಯಾಮನ್ನು ಕೆರೆದು ನೋಡಿ, ಆಗ ಗೊತ್ತಾಗುತ್ತದೆ. ಕ್ರೋಮ್‌ಗೆ ತನ್ನದೇ ಆಯ್ಕೆಯೂ ಉಂಟು: ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಮೈಕ್ರೊಫೋನ್. ವಿಂಡೋಸ್‌ನಲ್ಲಿ ಸರಿಮಾಡಿ ಇಲ್ಲಿ ಹಳೆಯದನ್ನೇ ಬಿಟ್ಟರೆ ಪ್ರಯೋಜನವಿಲ್ಲ.

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಮೈಕ್ ಮತ್ತು ಸ್ಪೀಕರ್ ಬೇರೆ ಮಾಡುವ ವೈ ಸ್ಪ್ಲಿಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. 80 ಪುಟದ ಕೆಲಸ ಅಂದರೆ ಯುಎಸ್‌ಬಿ ಹೆಡ್‌ಸೆಟ್ ತೆಗೆದುಕೊಳ್ಳುವುದೇ ಒಳ್ಳೆಯದು. ಮದರ್‌ಬೋರ್ಡಿನ ಸೌಂಡ್ ಚಿಪ್ಪಿನ ಗುಂಯ್ ಸದ್ದೂ ತಪ್ಪುತ್ತದೆ. ಬ್ಲೂಟೂತ್ ಬೇಡ. ಮೈಕ್ ಚಾಲೂ ಆದ ಕೂಡಲೇ ಅದು ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ, ಹಳೆಯ ಸೆಟ್ಟಾದರೆ 8 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್, ಸದ್ದನ್ನು ಸೆಕೆಂಡಿಗೆ 8 ಸಾವಿರ ಸಲ ಮಾತ್ರ ಅಳೆಯುವುದು. ಅಂದರೆ ಅದರ ಅರ್ಧ, 4 ಕಿಲೋಹರ್ಟ್ಸ್ ಮೇಲಿನ ಸದ್ದೆಲ್ಲ ಹೋಯಿತು. ಸಕಾರದ ಜೀವ ಇರುವುದೇ ಅಲ್ಲಿ.

ಮೈಕ್ ಬಾಯಿಯ ನೇರ ಎದುರು ಬೇಡ, ತುಟಿಯ ಮೂಲೆಯಿಂದ ಎರಡು ಬೆರಳು ದೂರಕ್ಕೆ, ಸ್ವಲ್ಪ ಕೆಳಗೆ. ಎದುರಿಗಿದ್ದರೆ ಪ, ಫ, ಭ ಹೇಳುವಾಗ ಉಸಿರು ಹೊಡೆದು ಆ ಪದವೇ ಒಡೆಯುತ್ತದೆ. ಇನ್‌ಪುಟ್ ವಾಲ್ಯೂಮ್ 70ರ ಆಸುಪಾಸಿನಿಂದ ಶುರುಮಾಡಿ. ಗಟ್ಟಿಯಾಗಿ ಹೇಳಿದಾಗಲೂ ಗೆರೆ ತುದಿ ಮುಟ್ಟಬಾರದು. ಅಲ್ಲೇ ಮೈಕಿನ ಹೆಸರು ಒತ್ತಿದರೆ ತೆರೆಯುವ ಪುಟದಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಉಂಟು, ಆಫ್ ಮಾಡಿ. ಗದ್ದಲ ತೆಗೆಯುತ್ತೇನೆಂದು ಹೊರಟು ಅದು ಪದಗಳ ಕೊನೆಯನ್ನೂ ಕತ್ತರಿಸುತ್ತದೆ. ಕನ್ನಡದಲ್ಲಿ ವಿಭಕ್ತಿ ಇರುವುದು ಕೊನೆಯಲ್ಲೇ ಅಲ್ವಾ.

ಕೊತ್ರೂಡ ಧಾರವಾಡ

ಮೈಕಿನ ಬಗ್ಗೆ ಮೇಲಿನವರು ಹೇಳಿದ್ದು ಖರೆ ಅದ. ಉಳಿದ ಎರಡು ತ್ರಾಸು ಡಾಕ್ಸಿನ ಸ್ವಭಾವರೀ.

ಕಂಟ್ರೋಲ್ + ಶಿಫ್ಟ್ + ಎಸ್ ಒತ್ತಿದ್ರ ಮೈಕಿನ ಡಬ್ಬಿ ಬರ್ತದ. ಅದರ ಮ್ಯಾಲಿನ ಪಟ್ಟಿಯೊಳಗ ಕನ್ನಡ ಆರಿಸ್ರಿ, ಇಲ್ಲಾಂದ್ರ ಇಂಗ್ಲಿಷ್ ಕೇಳಿಸ್ಕೋತದ. ನೀವು ಬ್ಯಾರೆ ಟ್ಯಾಬಿಗೆ ಇಲ್ಲಾ ಬ್ಯಾರೆ ವಿಂಡೋಕ್ಕ ಹೋದ್ರ ಮೈಕ್ ಬಂದ್ ಆಗ್ತದ. ಭಾಳ ಹೊತ್ತು ಸುಮ್ಮನಿದ್ರೂ ಆಗ್ತದ. ಕೈಬರಹ ಸ್ಕ್ಯಾನ್ ಮಾಡಿ ಅದೇ ಪರದೆಯೊಳಗ ತಿರುವಿ ಹಾಕ್ಕೋತ ಓದಬ್ಯಾಡ್ರಿ, ಹಾಳಿ ಕೈಯಾಗ ಇರಲಿ. ನಡುವ ತಪ್ಪು ಕಂಡ್ರ ಮೈಕ್ ಬಂದ್ ಮಾಡೋದು ಬೇಕಾಗಿಲ್ಲ: ಅದೇ ಪುಟದಾಗ ಕರ್ಸರ್ ಒಯ್ದು ತಿದ್ದಿ, ಮತ್ತ ಕೊನೀಗೆ ತಂದು ಇಡ್ರಿ.

ವಿರಾಮ ಚಿಹ್ನೆಯ ಆಜ್ಞಾ ಇಂಗ್ಲಿಷ್, ಜರ್ಮನ್, ಫ್ರೆಂಚ್ ಹಿಂಗ ಕೆಲವು ಭಾಷೆಗಷ್ಟ ಅವ. ಕನ್ನಡಕ್ಕ ಇಲ್ಲ. “ಪೂರ್ಣವಿರಾಮ” ಅಂದ್ರ ಆ ಪದಾನ ಬರೀತದ. ಅದನ್ನ ಉಪಯೋಗ ಮಾಡ್ಕೋರಿ. ಹಿರಿಯರು ವಾಕ್ಯ ಮುಗಿದಲ್ಲೆಲ್ಲ “ಪೂರ್ಣವಿರಾಮ” ಅಂತ ಹೇಳಲಿ. ಲೇಖನ ಮುಗಿದ ಮ್ಯಾಲೆ ಕಂಟ್ರೋಲ್ + ಎಚ್. ಹುಡುಕೋ ಖಾನೆಯೊಳಗ ಮೊದಲು ಒಂದು ಸ್ಪೇಸ್, ಆಮ್ಯಾಲೆ ಪೂರ್ಣವಿರಾಮ. ಬದಲಿ ಖಾನೆಯೊಳಗ ಚುಕ್ಕಿ. ಆ ಸ್ಪೇಸ್ ಮರೆತ್ರ ಚುಕ್ಕಿ ಪದದಿಂದ ದೂರ ನಿಂತಿರ್ತದ. “ಪೂರ್ಣ ವಿರಾಮ” ಅಂತ ಒಡೆದೂ ಬರೀತದ, ಅದಕ್ಕ ಎರಡನೇ ಸಲ ಓಡಿಸ್ರಿ. ಅಲ್ಪವಿರಾಮಕ್ಕ ಇದನ್ನ ಮಾಡಾಕ ಹೋಗಬ್ಯಾಡ್ರಿ, ಓದೋರ ಲಯ ಕೆಡ್ತದ. ಕೈಯಿಂದ ಹಾಕೋದ ಬೇಷಿ. ಪ್ಯಾರಾಕ್ಕ ಎಂಟರ್ ಒತ್ರಿ.

ಓದೋ ರೀತಿ ಮುಖ್ಯ. ಒಂದೊಂದೇ ಪದ ಬಿಡಿಸಿ ಹೇಳಿದ್ರ ತಪ್ಪು ಜಾಸ್ತಿ, ಯಾಕಂದ್ರ ಯಂತ್ರ ಆಜುಬಾಜು ಪದ ನೋಡಿ ಅಂದಾಜು ಮಾಡ್ತದ. ಎಂಟು ಹತ್ತು ಪದದ ತುಣುಕು ಒಂದೇ ಓಟದಾಗ ಹೇಳಿ, ಅಕ್ಷರ ಪರದೆ ಮ್ಯಾಲೆ ಗಟ್ಟಿಯಾಗೂತನ ನಿಲ್ರಿ. ಇಸವಿ, ಪೋನ್ ನಂಬರ್, ಊರ ಹೆಸರು ಕೈಯಿಂದ ಹೊಡೀರಿ. “ಸಾವಿರದ ಒಂಬೈನೂರ ಎಪ್ಪತ್ತೆರಡು” ಅಂದ್ರ ಒಮ್ಮೆ ಅಂಕಿ, ಒಮ್ಮೆ ಅಕ್ಷರ. ಕೂಡುಪದ ಒಡೀತದ: “ಮಾಡಬೇಕಾಗಿದೆ” ಹೋಗಿ “ಮಾಡ ಬೇಕಾಗಿದೆ”. ಳ, ಣ ಅಷ್ಟು ಕಾಡಂಗಿಲ್ಲ. ಮರಾಠಿಯೊಳಗೂ ಅವು ಅದಾವಲ್ಲ, ನಮ್ಮ ಕಡೆ ಹುಟ್ಟಿ ಬೆಳೆದ ಹುಡುಗ್ರೂ ಸ್ಪಷ್ಟ ಅಂತಾರ. ಹಕಾರ ನುಂಗೋರಿಗೆ ಮಾತ್ರ ಕಷ್ಟ.

ಐರೋಲಿ 708

ಬೇರೆ ಸಾಫ್ಟ್‌ವೇರ್ ಬಗ್ಗೆ ಕೇಳಿದಿರಿ. ಡ್ರ್ಯಾಗನ್ ಎಂಬ ಡಿಕ್ಟೇಶನ್ ಸಾಫ್ಟ್‌ವೇರ್ 1997ರಿಂದ ಇದೆ, ಅದರಲ್ಲಿ ಕನ್ನಡ ಇಲ್ಲ. ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿಸಿದ್ದು 2017ರಲ್ಲಿ. ಇಂಟರ್‌ನೆಟ್ ಇಲ್ಲದೆ ಓಡಿಸಬೇಕೆಂದರೆ 2022ರಲ್ಲಿ ಓಪನ್‌ಎಐ ಬಿಟ್ಟ ವಿಸ್ಪರ್ ಇದೆ, ಆದರೆ ನಿಮ್ಮ ಯಂತ್ರಕ್ಕೆ ಒಗ್ಗುವುದಿಲ್ಲ. ಅದರ ಚಿಕ್ಕ ಮಾದರಿಗಳು ಕನ್ನಡದಲ್ಲಿ ತೀರಾ ಎಡವುತ್ತವೆ, ಕಲಿತ ಧ್ವನಿಯಲ್ಲಿ ಕನ್ನಡದ ಪಾಲು ಅತ್ಯಲ್ಪ. ಅತಿ ದೊಡ್ಡ ಮಾದರಿಗೆ 10 ಜಿಬಿಯಷ್ಟು ಗ್ರಾಫಿಕ್ಸ್ ಮೆಮೊರಿ ಬೇಕು. ಕುಗ್ಗಿಸಿದ ರೂಪವನ್ನು ಬರೀ ಪ್ರೊಸೆಸರಿನಲ್ಲಿ ಓಡಿಸಬಹುದು, ಆದರೆ ಮಾತಿನ ವೇಗಕ್ಕಿಂತ ಹಿಂದೆ ಬೀಳುತ್ತದೆ. ಮೇಲಾಗಿ ಅದು 30 ಸೆಕೆಂಡಿನ ತುಂಡುಗಳಲ್ಲಿ ಕೆಲಸ ಮಾಡುತ್ತದೆ, ಹೇಳುತ್ತಿದ್ದಂತೆ ಬರೆಯುವುದಕ್ಕೆಂದು ಮಾಡಿದ್ದಲ್ಲ. ಯಾರೂ ಮಾತಾಡದ ಕಡೆ ಇಲ್ಲದ ವಾಕ್ಯ ಹುಟ್ಟಿಸುವ ಚಾಳಿಯೂ ಇದೆ. ಮದ್ರಾಸ್ ಐಐಟಿಯ ಎಐ4ಭಾರತ್ ಮಾಡಿದ ಇಂಡಿಕ್‌ಕನ್‌ಫಾರ್ಮರ್ ಕನ್ನಡಕ್ಕೆ ವಾಸಿ, ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿ ಒದ್ದಾಡಬೇಕು. ರೆಕಾರ್ಡ್ ಮಾಡಿಟ್ಟ ಸಂದರ್ಶನಗಳಿದ್ದರೆ, ಅಥವಾ ಧ್ವನಿ ಗೂಗಲಿನ ಸರ್ವರಿಗೆ ಹೋಗಬಾರದೆಂದಿದ್ದರೆ ಆ ದಾರಿ. ಸ್ಮರಣ ಸಂಚಿಕೆಗೆ ಬೇಕಿಲ್ಲ.

ಕುರ್ಲಾದವರ ಹೆಡ್‌ಸೆಟ್ ಸಲಹೆಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಒಂದು ರೂಪಾಯಿ ಖರ್ಚಿಲ್ಲ. ಫೋನಿನ ಡಾಕ್ಸ್ ಆಪ್‌ನಲ್ಲಿ ಅದೇ ಕಡತ ತೆರೆಯಿರಿ. ಗೂಗಲಿನ ಕೀಬೋರ್ಡ್ ಆಪ್ ಆದ ಜಿಬೋರ್ಡಿಗೆ ಕನ್ನಡ ಸೇರಿಸಿ, ಕೀಬೋರ್ಡ್ ಕನ್ನಡಕ್ಕೆ ತಿರುಗಿಸಿ, ಮೈಕ್ ಒತ್ತಿ. ಹಿರಿಯರು ಹಾಸಿಗೆಯ ಮೇಲೆ ಕುಳಿತೇ ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಓದಲಿ. ಅಕ್ಷರಗಳು ಕಂಪ್ಯೂಟರಿನ ಪರದೆಯಲ್ಲೂ ಮೂಡುತ್ತವೆ, ಇನ್ನೊಬ್ಬರು ಅಲ್ಲಿ ಹಿಂದಿನ ಪ್ಯಾರಾ ತಿದ್ದುತ್ತಾ ಚುಕ್ಕಿ, ಕಾಮಾ ಹಾಕುತ್ತಾ ಬರಬಹುದು. ಇಬ್ಬರ ಕರ್ಸರ್ ಬೇರೆ ಬೇರೆ, ಒಬ್ಬರದು ಇನ್ನೊಬ್ಬರದನ್ನು ಎಳೆಯುವುದಿಲ್ಲ.

ಮೊಳೆಜೋಡಣೆ, ಮಾಟುಂಗಾ

ನುಡಿಯ ವಿಷಯ. ಧ್ವನಿಯಿಂದ ಬರುವುದೆಲ್ಲ ಯೂನಿಕೋಡ್, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಮುದ್ರಕರು ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವವರಾದರೆ ಅವರಿಗೆ ಹಳೆಯ ಆಸ್ಕಿ ನುಡಿಯೇ ಬೇಕು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್. ಈಚಿನ ಇನ್‌ಡಿಸೈನ್ ಆದರೆ ಯೂನಿಕೋಡನ್ನೇ ಕೊಡಬಹುದು, ವರ್ಲ್ಡ್-ರೆಡಿ ಕಂಪೋಸರ್ ಆನ್ ಇರಬೇಕು. ಮೊದಲು ಇದನ್ನು ಕೇಳಿ, ಅರ್ಧ ಕೆಲಸ ಉಳಿಯುತ್ತದೆ.

ಪರಿವರ್ತಿಸಲೇಬೇಕಿದ್ದರೆ ನುಡಿ ತಂತ್ರಾಂಶದಲ್ಲೇ ಪರಿವರ್ತಕವಿದೆ. ಕರಡು ಪೂರಾ ತಿದ್ದಿ ಮುಗಿದ ಮೇಲೆ, ಕಟ್ಟಕಡೆಗೆ, ಒಂದೇ ಸಲ ಮಾಡಿ. ಆಸ್ಕಿಗೆ ಹೋದ ಮೇಲೆ ಸಾಮಾನ್ಯ ಕೀಬೋರ್ಡಿನಲ್ಲಿ ಕನ್ನಡ ಪದ ಹುಡುಕಲಾಗದು. ನಡುವೆ ಇರುವ ಇಂಗ್ಲಿಷ್ ಅಕ್ಷರ, ಇಮೇಲ್ ವಿಳಾಸಗಳು ನುಡಿ ಫಾಂಟಿನಲ್ಲಿ ವಿಚಿತ್ರ ಕನ್ನಡವಾಗಿ ಕಾಣುತ್ತವೆ. ಅವುಗಳ ಫಾಂಟ್ ಬೇರೆ ಮಾಡಬೇಕು, ಹಾಗಾಗಿ ಮೊದಲೇ ಹಳದಿ ಬಣ್ಣ ಬಳಿದು ಗುರುತಿಡಿ.

ಮುಂಬಯಿ ಬರಹಗಳಲ್ಲಿ ಇನ್ನೊಂದು ಕಾಟ, ಸ್ಟೇಷನ್ ಹೆಸರುಗಳು. ಧ್ವನಿ ಟೈಪಿಂಗ್ ಹಲವು ಸಲ ಚರ್ಚ್ಗೇಟ್, ಉಲ್ಲಾಸ್ನಗರ, ಅಂಬರ್ನಾಥ್ ಎಂದು ಒತ್ತಕ್ಷರ ಕೊಟ್ಟು ಬರೆಯುತ್ತದೆ. ಬೇಕಾದದ್ದು ಚರ್ಚ್‌ಗೇಟ್, ಉಲ್ಲಾಸ್‌ನಗರ, ಅಂಬರ್‌ನಾಥ್. ಎರಡು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆ ಅಕ್ಷರ ಹಾಕಬೇಕು. ವರ್ಡ್‌ನಲ್ಲಿ ಖಾಲಿ ಸಾಲಿನಲ್ಲಿ 200 ಬರೆದು, ಅದಕ್ಕಂಟಿಸಿ ಇಂಗ್ಲಿಷಿನ ಸಿ ಅಕ್ಷರ ಹೊಡೆದು, ಆಲ್ಟ್ + ಎಕ್ಸ್ ಒತ್ತಿ. ಬರೆದದ್ದು ಮಾಯವಾಗಿ ಆ ಅಕ್ಷರ ಕೂತಿರುತ್ತದೆ. ಅದನ್ನು ನಕಲಿಸಿ ಚ್ ಮತ್ತು ಗೇ ನಡುವೆ ಅಂಟಿಸಿ ಒಂದು ಸರಿಯಾದ ಚರ್ಚ್‌ಗೇಟ್ ತಯಾರಿಸಿಕೊಳ್ಳಿ, ಮಿಕ್ಕವನ್ನೆಲ್ಲ ಕಂಟ್ರೋಲ್ + ಎಚ್‌ನಿಂದ ಬದಲಿಸಿ. ಇಂಥ ಹೆಸರುಗಳ ಪಟ್ಟಿಯನ್ನು ಬೇರೆ ಕಡತದಲ್ಲಿ ಇಟ್ಟರೆ ಮುಂದಿನ ಲೇಖನಕ್ಕೂ ಬರುತ್ತದೆ. ಡಾಕ್ಸ್‌ನಲ್ಲಿ ಎಷ್ಟು ಸಲ ತಿದ್ದಿದರೂ ಯಂತ್ರ ಆ ಹೆಸರು ಕಲಿಯುತ್ತದೆಂದು ಕಾಯಬೇಡಿ.

ಡೊಂಬಿವಲಿ ಈಸ್ಟ್

ಉಗುರಿಗೆ ಜಿಗಿದದ್ದು ವೆಬ್‌ಕ್ಯಾಮಿನ ಗೆರೆ. ಐರೋಲಿಯವರ ಫೋನ್ ದಾರಿ ಹಿಡಿಯುತ್ತೇವೆ, ಮುದ್ರಕರದು ಪೇಜ್‌ಮೇಕರೇ. ಒಂದು ಉಳಿಯಿತು: ಎರಡು ಲೇಖನಗಳಲ್ಲಿ ತುಳು ಗಾದೆ, ಪಾಡ್ದನದ (ತುಳು ಜನಪದ ಕಥನಗೀತೆಯ) ಸಾಲು ಬರುತ್ತವೆ. ಅವನ್ನೂ ಓದಿಸಬಹುದೇ?

ಕುರ್ಲಾ ಕುಡ್ಲ

ಬೇಡ. ಧ್ವನಿ ಟೈಪಿಂಗಿನ ಭಾಷೆಗಳ ಪಟ್ಟಿಯಲ್ಲಿ ತುಳು ಇಲ್ಲ. ಕನ್ನಡದಲ್ಲಿಟ್ಟು ತುಳು ಹೇಳಿದರೆ ಹತ್ತಿರದ ಕನ್ನಡ ಪದಕ್ಕೆ ಎಳೆದು ಬರೆಯುತ್ತದೆ. ಓದಲು ಸರಿ ಎನಿಸುವ ತಪ್ಪು ಅದು, ಪ್ರೂಫಿನಲ್ಲೂ ಕಣ್ಣು ತಪ್ಪಿಸುತ್ತದೆ. ಅಂಥ ಜಾಗ ಬಂದಾಗ ಹಿರಿಯರು “ಇಲ್ಲಿ ತುಳು ಸಾಲು” ಎಂದಷ್ಟೇ ಹೇಳಿ ಮುಂದೆ ಹೋಗಲಿ. ಕಂಪ್ಯೂಟರಿನ ಮುಂದೆ ಕುಳಿತವರು ಕೈಬರಹ ನೋಡಿ ಅಲ್ಲಿ ಟೈಪ್ ಮಾಡಲಿ, ಮತ್ತೆ ಅವರಿಗೇ ಒಮ್ಮೆ ಓದಿ ಕೇಳಿಸಲಿ.