ಸೀರಿಯಲ್ ರೆಕಾರ್ಡ್ ಮಾಡಿ ಜಾಹೀರಾತು ಫಾರ್ವರ್ಡ್ ಮಾಡಿ ಓಡಿಸಿದರೆ ಅದು ಯಾರಿಗೆಲ್ಲ ಗೊತ್ತಾಗುತ್ತದೆ?

ತುಂಗಾತೀರ (ಪ್ರಶ್ನೆ)

ಮನೆಯಲ್ಲಿರುವುದು ಡಿಟಿಎಚ್‌ನ ರೆಕಾರ್ಡಿಂಗ್ ಸೆಟ್‌ಟಾಪ್ ಬಾಕ್ಸ್, ಒಳಗೆ 500 ಜಿಬಿ ಹಾರ್ಡ್‌ಡಿಸ್ಕ್. ಎಚ್‌ಡಿಎಂಐ ಕೇಬಲ್‌ನಲ್ಲಿ 43 ಇಂಚಿನ ಸ್ಮಾರ್ಟ್ ಟಿವಿಗೆ ಸೇರಿಸಿದೆ. ಬಾಕ್ಸೂ ಟಿವಿಯೂ ಎರಡೂ ವೈಫೈನಲ್ಲಿವೆ. ಸಂಜೆಯ ಸೀರಿಯಲ್‌ಗಳನ್ನು ರೆಕಾರ್ಡ್ ಮಾಡಿಟ್ಟು, ಊಟ ಆದ ಮೇಲೆ ಜಾಹೀರಾತು ಓಡಿಸಿ ನೋಡುವುದು ರೂಢಿ. ಎಲ್ಲಿ ನಿಲ್ಲಿಸಿದೆವು, ಯಾವುದನ್ನು ಹಾರಿಸಿದೆವು ಎನ್ನುವುದು ಕಂಪನಿಗೆ ತಿಳಿಯುತ್ತದೆಯೇ? ಬಾಕ್ಸ್‌ನ ವೈಫೈ ತೆಗೆದರೆ ರೆಕಾರ್ಡಿಂಗ್‌ಗೆ ತೊಂದರೆಯೇ? ಇನ್ನೊಂದು, ಎಲ್ಲರೂ ಹೀಗೆ ಓಡಿಸಿ ನೋಡಿದರೆ ಟಿಆರ್‌ಪಿ ಲೆಕ್ಕ ಏನಾಗುತ್ತದೆ?

ಎಲ್‌ಎನ್‌ಬಿ_ರಿಪೇರಿ

ಮೊದಲು ಡಿಶ್ ವಿಚಾರ. ತಾರಸಿಯ ಮೇಲಿನ ಡಿಶ್ ಮತ್ತು ಅದರ ಮುಂದಿರುವ ಚಿಕ್ಕ ಡಬ್ಬಿಯಾದ ಎಲ್‌ಎನ್‌ಬಿ ಸಿಗ್ನಲ್ ಹಿಡಿಯುತ್ತವೆ, ಅಷ್ಟೇ. ಉಪಗ್ರಹಕ್ಕೆ ತಿರುಗಿ ಏನನ್ನಾದರೂ ಕಳಿಸುವ ಟ್ರಾನ್ಸ್‌ಮಿಟರ್ ಅಲ್ಲಿಲ್ಲ. ರೀಚಾರ್ಜ್ ಆಗಿದೆ ಎಂಬ ಸೂಚನೆಯೂ ಮೇಲಿನಿಂದಲೇ ಇಳಿದು ಬರಬೇಕು. ಬಹಳ ದಿನ ಆಫ್ ಇಟ್ಟ ಬಾಕ್ಸ್ ಆನ್ ಮಾಡಿದಾಗ ಚಾನೆಲ್ ತೆರೆಯಲು ಸ್ವಲ್ಪ ಹೊತ್ತು ಕಾಯಿಸುವುದು ಅದಕ್ಕೇ. ಇಂಟರ್ನೆಟ್ ಇಲ್ಲದ ಡಿಟಿಎಚ್ ಬಾಕ್ಸ್‌ನಿಂದ ನೀವು ನೋಡಿದ್ದು ಹೊರಗೆ ಹೋಗಲು ದಾರಿಯಿಲ್ಲ.

ವೈಫೈ ಕೊಟ್ಟಿರೋ, ದಾರಿ ತೆರೆಯಿತು. ಪ್ಲೇ, ಪಾಸ್ (ತಡೆದು ನಿಲ್ಲಿಸುವುದು), ಫಾರ್ವರ್ಡ್, ಚಾನೆಲ್ ಬದಲಾವಣೆ ಎಲ್ಲವೂ ಸಮಯದ ಸಮೇತ ದಾಖಲಾಗಿ ಸರ್ವರ್‌ಗೆ ಹೋಗಬಹುದು. ಉದ್ಯಮದವರು ಇದನ್ನು ರಿಟರ್ನ್ ಪಾತ್ ಡೇಟಾ, ಆರ್‌ಪಿಡಿ ಎನ್ನುತ್ತಾರೆ. ನಿಮ್ಮ ಕಂಪನಿ ಏನೇನು ತೆಗೆದುಕೊಳ್ಳುತ್ತದೆ ಎಂದು ತಿಳಿಯಲು ಅದರ ಪ್ರೈವೆಸಿ ಪಾಲಿಸಿಯಲ್ಲಿ ‘ವ್ಯೂವರ್‌ಶಿಪ್’, ‘ಯೂಸೇಜ್’ ಎಂಬ ಪದ ಹುಡುಕಿ ಆ ಪ್ಯಾರಾ ಓದಿ.

ಇದು ಎಷ್ಟು ಸೂಕ್ಷ್ಮವಾಗಿ ಆಗುತ್ತದೆ ಎನ್ನುವುದಕ್ಕೆ ಅಮೆರಿಕದ ಉದಾಹರಣೆ ಸಾಕು. 1999ರಲ್ಲಿ ಬಂದ ಟಿವೋ ರೆಕಾರ್ಡರ್ ಟೆಲಿಫೋನ್ ಲೈನ್‌ನಲ್ಲಿ ಕಂಪನಿಗೆ ಕರೆ ಮಾಡಿ ಕಾರ್ಯಕ್ರಮ ಪಟ್ಟಿ ಇಳಿಸಿಕೊಳ್ಳುತ್ತಿತ್ತು. ಆ ಕರೆಯಲ್ಲೇ ನೋಡಿದ್ದರ ಮಾಹಿತಿ ಅತ್ತ ಹೋಗುತ್ತಿತ್ತು. 2004ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ಮುಗಿದ ಬೆನ್ನಿಗೇ, ಅಲ್ಲಿ ಹಾಡಿದ ಗಾಯಕಿ ಜಾನೆಟ್ ಜಾಕ್ಸನ್ ಉಡುಪು ಸರಿದ ಕ್ಷಣವನ್ನು ಜನ ಅತಿ ಹೆಚ್ಚು ಸಲ ಹಿಂದಕ್ಕೆ ತಿರುಗಿಸಿ ನೋಡಿದರು ಎಂದು ಟಿವೋ ತಾನೇ ಪ್ರಕಟಿಸಿತು. ಹೆಸರು ಬಿಟ್ಟ ಒಟ್ಟು ಲೆಕ್ಕ ಎಂದು ಕಂಪನಿ ಸಮಜಾಯಿಷಿ ಕೊಟ್ಟರೂ, ರಿಮೋಟಿನ ಗುಂಡಿ ಒತ್ತುವುದೂ ಲೆಕ್ಕಕ್ಕೆ ಸಿಗುತ್ತದೆ ಎಂದು ಅನೇಕರಿಗೆ ಅರಿವಾದದ್ದು ಆಗಲೇ. ಅದಕ್ಕೂ ಮುಂಚೆ 2002ರಲ್ಲಿ, ಜಾಹೀರಾತನ್ನು ತಾನಾಗಿಯೇ ಹಾರಿಸುತ್ತಿದ್ದ ರಿಪ್ಲೇಟಿವಿ ರೆಕಾರ್ಡರ್ ಕಂಪನಿಯ ಮೇಲೆ ಸ್ಟುಡಿಯೋಗಳು ಮೊಕದ್ದಮೆ ಹೂಡಿದ್ದಾಗ, ಗ್ರಾಹಕರು ಏನು ನೋಡುತ್ತಾರೆ, ಏನು ಹಾರಿಸುತ್ತಾರೆ ಎಂದು ದಾಖಲಿಸುವ ಸಾಫ್ಟ್‌ವೇರ್ ಬರೆಯುವಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರು ಕಂಪನಿಗೇ ಆದೇಶ ಕೊಟ್ಟಿದ್ದರು. ಮೇಲಿನ ನ್ಯಾಯಾಧೀಶರು ಅದನ್ನು ರದ್ದು ಮಾಡಿದ್ದರಿಂದ ಉಳಿಯಿತು. ದಾಖಲೆ ಒಮ್ಮೆ ಹುಟ್ಟಿದರೆ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಹುಟ್ಟದಂತೆ ನೋಡಿಕೊಳ್ಳುವುದೇ ಜಾಣತನ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ರೆಕಾರ್ಡಿಂಗ್ ನಿಲ್ಲುವುದಿಲ್ಲ. ಕಾರ್ಯಕ್ರಮ ಪಟ್ಟಿ, ಗಡಿಯಾರ ಎರಡೂ ಉಪಗ್ರಹದಿಂದಲೇ ಬರುತ್ತವೆ. ಹೋಗುವುದು ಕ್ಯಾಚಪ್ (ತಪ್ಪಿದ ಸಂಚಿಕೆ ಆಮೇಲೆ ನೋಡುವ ಸೌಲಭ್ಯ), ಆನ್ ಡಿಮಾಂಡ್ ಮತ್ತು ಬಾಕ್ಸ್ ಒಳಗಿನ ಓಟಿಟಿ ಆ್ಯಪ್‌ಗಳು. ಬಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ವೈಫೈ ಬರೀ ಆಫ್ ಮಾಡಬೇಡಿ, ‘ಫರ್ಗೆಟ್’ ಕೊಡಿ. ಇಲ್ಲವಾದರೆ ಪಾಸ್‌ವರ್ಡ್ ಉಳಿದಿರುತ್ತದೆ, ಯಾರೋ ಮತ್ತೆ ಆನ್ ಮಾಡಿದರೆ ಕೇಳದೆ ಸೇರಿಕೊಳ್ಳುತ್ತದೆ. ಹಿಂದುಗಡೆ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ. ಬಾಕ್ಸ್ ರೀಸ್ಟಾರ್ಟ್ ಮಾಡಿ, ರೌಟರ್‌ನ ಸಾಧನಗಳ ಪಟ್ಟಿಯಲ್ಲಿ ಅದು ಕಾಣುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಫೋನಿನ ಆ್ಯಪ್‌ನಿಂದ ರೆಕಾರ್ಡಿಂಗ್ ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಆ ಆಜ್ಞೆ ಕಂಪನಿಯ ಸರ್ವರ್ ಹಾದೇ ಬರುತ್ತದೆ.

ಸೀರಿಯಲ್ ಕೊನೆ ಕತ್ತರಿಸಿ ಹೋಗುತ್ತಿದ್ದರೆ ಅದಕ್ಕೆ ವೈಫೈ ಕಾರಣವಲ್ಲ. ಚಾನೆಲ್‌ನವರು ಮಹಾಸಂಚಿಕೆ ಹಾಕಿ ಪಟ್ಟಿ ತಿದ್ದಲು ತಡಮಾಡಿದಾಗ ಹಾಗಾಗುತ್ತದೆ. ಶುರುವಿಗೆ 2 ನಿಮಿಷ, ಕೊನೆಗೆ 10 ನಿಮಿಷ ಹೆಚ್ಚುವರಿ ಕೊಟ್ಟಿಡಿ. ಜಾಗದ ಚಿಂತೆ ಬೇಡ. ಎಚ್‌ಡಿ ಚಾನೆಲ್ ಸೆಕೆಂಡಿಗೆ 7 ಮೆಗಾಬಿಟ್ ಎಂದುಕೊಂಡರೆ ಗಂಟೆಗೆ 3 ಜಿಬಿ ಚಿಲ್ಲರೆ. ಅರ್ಧ ಗಂಟೆಯ ಐದು ಸೀರಿಯಲ್, ವಾರಕ್ಕೆ ಆರು ದಿನ, ಹೆಚ್ಚುವರಿ ನಿಮಿಷ ಬಿಟ್ಟು ಒಟ್ಟು 47 ಜಿಬಿ ಆಸುಪಾಸು.

ಪರದೆಯಾಚೆ (ಉತ್ತರ)

ಮೇಲಿನದೆಲ್ಲ ಸರಿ, ಆದರೆ ಬಾಕ್ಸ್ ಒಂದನ್ನೇ ಕತ್ತರಿಸಿ ನಿರಾಳವಾಗಬೇಡಿ. ನಿಮ್ಮ ಸ್ಮಾರ್ಟ್ ಟಿವಿಯೂ ವೈಫೈನಲ್ಲಿದೆಯಲ್ಲ, ದೊಡ್ಡ ಸೋರಿಕೆ ಇರುವುದು ಅಲ್ಲಿ.

ಈಗಿನ ಹಲವು ಟಿವಿಗಳಲ್ಲಿ ಎಸಿಆರ್ ಎಂಬ ವ್ಯವಸ್ಥೆಯಿದೆ. ಪರದೆಯ ಚಿತ್ರ ಅಥವಾ ಧ್ವನಿಯ ತುಣುಕಿನಿಂದ ಒಂದು ಗುರುತು ತಯಾರಿಸಿ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಯಾವ ಕಾರ್ಯಕ್ರಮ, ಯಾವ ಜಾಹೀರಾತು ಎಂದು ಹೊಂದಿಸಿ ನೋಡುತ್ತಾರೆ. ಚಿತ್ರ ಎಲ್ಲಿಂದ ಬಂತು ಎನ್ನುವುದು ಅದಕ್ಕೆ ಬೇಕಿಲ್ಲ. ನಿಮ್ಮ ಹಾರ್ಡ್‌ಡಿಸ್ಕ್‌ನ ರೆಕಾರ್ಡಿಂಗ್ ಎಚ್‌ಡಿಎಂಐ ಮೂಲಕ ಬಂದರೂ ಪರದೆಗೆ ಬಂದ ಮೇಲೆ ಎಲ್ಲವೂ ಒಂದೇ. ಟಿವಿ ತಯಾರಿಸುವ ವಿಜಿಯೋ ಕಂಪನಿ 1 ಕೋಟಿ 10 ಲಕ್ಷ ಟಿವಿಗಳಲ್ಲಿ ಜನರ ಒಪ್ಪಿಗೆಯಿಲ್ಲದೆ ಸೆಕೆಂಡ್ ಸೆಕೆಂಡಿನ ವೀಕ್ಷಣೆ ಸಂಗ್ರಹಿಸಿದ್ದಕ್ಕೆ ಅಮೆರಿಕದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು. 2024ರಲ್ಲಿ ಲಂಡನ್, ಮ್ಯಾಡ್ರಿಡ್ ಮತ್ತು ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳನ್ನು ಪರೀಕ್ಷಿಸಿದಾಗ ಎಚ್‌ಡಿಎಂಐ ಚಿತ್ರಕ್ಕೂ ಎಸಿಆರ್ ನಡೆಯುವುದು ಕಂಡಿತು. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದಾಗ ಆ ರವಾನೆ ನಿಂತದ್ದೂ ಕಂಡಿತು. ಹಾಗಾಗಿ ಆಫ್ ಮಾಡುವುದು ವ್ಯರ್ಥವಲ್ಲ.

ಸ್ಯಾಮ್‌ಸಂಗ್ ಆದರೆ ಸೆಟ್ಟಿಂಗ್ಸ್ ಒಳಗೆ ಪ್ರೈವೆಸಿ ಭಾಗಕ್ಕೆ ಹೋಗಿ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವೀಸಸ್’ ಟಿಕ್ ತೆಗೆಯಿರಿ, ಪಕ್ಕದಲ್ಲೇ ಇರುವ ‘ಇಂಟರೆಸ್ಟ್ ಬೇಸ್ಡ್ ಅಡ್ವರ್ಟೈಸ್‌ಮೆಂಟ್ಸ್’ ಕೂಡ. ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಆಫ್ ಮಾಡಿ, ಆಮೇಲೆ ಯೂಸರ್ ಅಗ್ರಿಮೆಂಟ್ಸ್‌ನಲ್ಲಿ ವ್ಯೂಯಿಂಗ್ ಇನ್ಫರ್ಮೇಶನ್ ಒಪ್ಪಿಗೆ ಹಿಂಪಡೆಯಿರಿ. ಸೋನಿಯ ಕೆಲವು ಮಾಡೆಲ್‌ಗಳಲ್ಲಿ ‘ಸಾಂಬಾ ಇಂಟರ್ಯಾಕ್ಟಿವ್ ಟಿವಿ’ ಎಂದಿರುತ್ತದೆ. ಮೆನು ವರ್ಷ ವರ್ಷಕ್ಕೆ ಜಾಗ ಬದಲಿಸುತ್ತದೆ, ಹೆಸರು ಹಿಡಿದು ಹುಡುಕಿ. ಎಚ್ಚರ ಬೇಕಾದದ್ದು ಸಾಫ್ಟ್‌ವೇರ್ ಅಪ್‌ಡೇಟ್ ಅಥವಾ ಫ್ಯಾಕ್ಟರಿ ರೀಸೆಟ್ ಆದ ಮೇಲೆ: ಮತ್ತೆ ಒಪ್ಪಂದದ ಪುಟ ಬರಬಹುದು, ಅವಸರದಲ್ಲಿ ‘ಅಗ್ರೀ ಟು ಆಲ್’ ಒತ್ತಿದರೆ ಎಲ್ಲ ಮೊದಲಿನಂತೆ ಆನ್.

ಟಿವಿಯ ಆ್ಯಪ್‌ಗಳನ್ನು ಬಳಸುವುದೇ ಇಲ್ಲ ಎಂದಾದರೆ ಅದಕ್ಕೂ ನೆಟ್ ಕೊಡಬೇಡಿ. ಅದಕ್ಕಿಂತ ಗಟ್ಟಿಯಾದ ಉಪಾಯ ಬೇರೊಂದಿಲ್ಲ. ಡಿಎನ್‌ಎಸ್ (ಸರ್ವರ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಮಟ್ಟದಲ್ಲಿ ತಡೆಯುವವರು ಒಂದು ನೆನಪಿಡಿ: ಕೆಲವು ಸಾಧನಗಳು ರೌಟರ್ ಕೊಟ್ಟ ಡಿಎನ್‌ಎಸ್ ಬಿಟ್ಟು ನೇರ ಗೂಗಲ್‌ನ 8.8.8.8 ಕೇಳುತ್ತವೆ. ಡಿಎನ್‌ಎಸ್ ಬಳಸುವ ಪೋರ್ಟ್ 53ರ ವಿನಂತಿಗಳನ್ನು ರೌಟರ್‌ನಲ್ಲೇ ತಿರುಗಿಸದಿದ್ದರೆ ತಡೆ ಹಾಕಿದ್ದೂ ಹಾಕದಂತೆಯೇ.

ಬ್ರೇಕ್ ನಂತರ (ಉತ್ತರ)

ಟಿಆರ್‌ಪಿಗೆ ಬರುತ್ತೇನೆ. ನಿಮ್ಮ ಮನೆ, ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆ ಮೀಟರ್ ಇಟ್ಟಿರುವ ಮಾದರಿ ಮನೆಗಳಲ್ಲಿ ಒಂದಾಗಿರದಿದ್ದರೆ, ನೀವು ಓಡಿಸಿದರೂ ನೋಡಿದರೂ ಟಿಆರ್‌ಪಿ ಒಂದು ಕೂದಲೂ ಕದಲುವುದಿಲ್ಲ. ಚಾನೆಲ್‌ಗಳು ಧ್ವನಿಯಲ್ಲಿ ಕಿವಿಗೆ ಕೇಳದ ವಾಟರ್‌ಮಾರ್ಕ್ ಸೇರಿಸಿರುತ್ತವೆ, ಮಾದರಿ ಮನೆಯ ಮೀಟರ್ ಅದನ್ನು ಗುರುತಿಸುತ್ತದೆ. ಮನೆಯ ಪ್ರತಿ ಸದಸ್ಯರಿಗೂ ಒಂದು ಗುಂಡಿ, ಟಿವಿ ಮುಂದೆ ಕೂತಾಗ ಒತ್ತಬೇಕು. ಆ ಮನೆಗಳ ವಿಳಾಸ ಗುಟ್ಟಾಗಿರಬೇಕು; ಅದು ಬಯಲಾಗಿ ಮನೆಯವರಿಗೆ ದುಡ್ಡು ಕೊಟ್ಟರೆಂಬ ಆರೋಪವೇ 2020ರ ಮುಂಬೈ ಟಿಆರ್‌ಪಿ ಪ್ರಕರಣ.

ಅಮೆರಿಕದಲ್ಲಿ ರೆಕಾರ್ಡರ್ ಹಾವಳಿ ಜಾಸ್ತಿಯಾಗಿ 2007ರಲ್ಲಿ ಅಲ್ಲಿ ವೀಕ್ಷಣೆ ಅಳೆಯುವ ನೀಲ್ಸನ್ ಕಂಪನಿ ಸಿ3 ಎಂಬ ಲೆಕ್ಕ ತಂದಿತು: ಪ್ರಸಾರವಾದ ದಿನದ ಜೊತೆಗೆ ಮೂರು ದಿನದೊಳಗೆ ರೆಕಾರ್ಡಿಂಗ್‌ನಲ್ಲಿ ನೋಡಿದ ಜಾಹೀರಾತೂ ಸೇರುತ್ತದೆ, ಓಡಿಸಿದ್ದು ಸೇರುವುದಿಲ್ಲ.

ನಮ್ಮಲ್ಲಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ, ಅಂದರೆ 10 ವಾಣಿಜ್ಯ ಜಾಹೀರಾತಿಗೆ, 2 ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಅರ್ಧ ಗಂಟೆಯ ಸೀರಿಯಲ್ ಅನ್ನು ಆರೇಳು ನಿಮಿಷ ತಡವಾಗಿ ಶುರು ಮಾಡಿದರೆ ಬ್ರೇಕ್‌ಗಳನ್ನು ಹಾರಿಸುತ್ತ ಪ್ರಸಾರದ ಜೊತೆಗೇ ಮುಗಿಸಬಹುದು. 30 ಪಟ್ಟು ವೇಗದಲ್ಲಿ 5 ನಿಮಿಷದ ಬ್ರೇಕ್ 10 ಸೆಕೆಂಡ್. ಆ 10 ಸೆಕೆಂಡ್ ಕಣ್ಣು ಪರದೆ ಬಿಡುವುದಿಲ್ಲ, ಎಲ್ಲಿ ಕಥೆ ಶುರುವಾಗುತ್ತದೋ ಎಂದು ಕಾಯುತ್ತಿರುತ್ತದೆ. ಬ್ರ್ಯಾಂಡ್ ಹೆಸರು ಪರದೆಯ ನಡುವೆ ಇದ್ದರೆ ಓಡಿಸುವಾಗಲೂ ಪರಿಣಾಮ ಬೀರುತ್ತದೆ ಎಂದು ಬಾಸ್ಟನ್ ಕಾಲೇಜಿನ ಸಂಶೋಧಕರು 2008ರಲ್ಲೇ ತೋರಿಸಿದ್ದಾರೆ. ಓಡಿಸಲಾಗದ ಜಾಹೀರಾತು ಹೆಚ್ಚುತ್ತಿರುವುದೂ ಜನ ಹೀಗೆ ಓಡಿಸುವ ಕಾರಣಕ್ಕೇ: ಪರದೆ ಕುಗ್ಗಿಸಿ ಬರುವ ಎಲ್ ಬ್ಯಾಂಡ್, ಕೆಳಗೆ ಹರಿಯುವ ಆಸ್ಟನ್ ಪಟ್ಟಿ, ಅಡುಗೆಮನೆ ದೃಶ್ಯದಲ್ಲಿ ಅತ್ತೆ ಸೊಸೆಗೆ ತೋರಿಸುವ ಮಸಾಲೆ ಪೊಟ್ಟಣ.

ತುಂಗಾತೀರ

ಧನ್ಯವಾದ. ಟಿವಿಯಲ್ಲಿ ವ್ಯೂಯಿಂಗ್ ಇನ್ಫರ್ಮೇಶನ್ ಆನ್ ಇತ್ತು, ತೆಗೆದೆ. ಡಿಶ್ ಬಿಟ್ಟು ಫೈಬರ್ ಜೊತೆ ಬರುವ ಬಾಕ್ಸ್ ಹಾಕಿಸಿದರೂ ಇದೇ ಉಪಾಯ ನಡೆಯುತ್ತದೆಯೇ? ಈಗಿನ ಬಾಕ್ಸ್ ವಾಪಸ್ ಕೊಡುವಾಗ ಏನು ಮಾಡಬೇಕು?

ಎಲ್‌ಎನ್‌ಬಿ_ರಿಪೇರಿ

ನಡೆಯುವುದಿಲ್ಲ. ಫೈಬರ್ ಬಾಕ್ಸ್‌ಗೆ ಚಾನೆಲ್ ಬರುವುದೇ ನೆಟ್‌ನಲ್ಲಿ. ಚಾನೆಲ್ ಬದಲಿಸಿದಾಗಲೆಲ್ಲ ಬಾಕ್ಸ್ ಆ ಕಡೆಗೆ ವಿನಂತಿ ಕಳಿಸಲೇಬೇಕು. ರೆಕಾರ್ಡಿಂಗ್ ಅವರ ಸರ್ವರ್‌ನಲ್ಲಿದ್ದರೆ ನೀವು ಎಲ್ಲಿ ಓಡಿಸಿದಿರಿ ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಅಲ್ಲಿ ನಿಮ್ಮ ಕೈಯಲ್ಲಿರುವುದು ಕಾನೂನು ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆ ಕೇಳುವ ನೋಟಿಸ್ ಅನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶ ಕೊಡಬೇಕು. ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಇದೆ. ಗಡುವು ಮುಗಿದ ಮೇಲೆ ಕನ್ನಡ ನೋಟಿಸ್ ಕೇಳಿ ಪಡೆಯಿರಿ, ಕೇಳುವವರಿಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಬಾಕ್ಸ್ ವಾಪಸ್ ಕೊಡುವ ಮುನ್ನ ರೆಕಾರ್ಡಿಂಗ್ ಪಟ್ಟಿ ಅಳಿಸಿ, ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಕೊಟ್ಟು, ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡಿ. ಒಳಗೆ ಓಟಿಟಿ ಲಾಗಿನ್ ಇದ್ದರೆ ಆಯಾ ಖಾತೆಯಿಂದ ಮೊದಲೇ ಲಾಗೌಟ್ ಆಗಿ. ಬೇಕಾದ ಸಂಚಿಕೆ ಅದರಲ್ಲಿದ್ದರೆ ನೋಡಿ ಮುಗಿಸಿಬಿಡಿ: ಫೈಲ್‌ಗಳು ಎನ್‌ಕ್ರಿಪ್ಟ್ ಆಗಿ ಆ ಬಾಕ್ಸ್‌ಗೇ ಕಟ್ಟುಬಿದ್ದಿರುತ್ತವೆ, ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೂ ತೆರೆಯುವುದಿಲ್ಲ.