ಪದಚರ್ಚೆ: 'ಯಂಗ್ ಅಡಲ್ಟ್' ಕಾದಂಬರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

'ಯಂಗ್ ಅಡಲ್ಟ್ ನಾವೆಲ್', ಅಂದರೆ ಮಕ್ಕಳೂ ಅಲ್ಲದ, ಪೂರ್ತಿ ದೊಡ್ಡವರೂ ಆಗದ ವಯಸ್ಸಿನವರ ಕಾದಂಬರಿ, ಅನ್ನೋದಕ್ಕೆ ಕನ್ನಡದಲ್ಲಿ ನೀವು ಯಾವ ಮಾತು ಬಳಸುತ್ತೀರಿ? ಇಂಥ ಕಾದಂಬರಿಗಳ ಬಗ್ಗೆ ಒಂದು ಲೇಖನ ಬರೆಯಲು ಕೂತಿದ್ದೇನೆ. ಕೆಲವು ಪುಸ್ತಕಗಳು ಭರಾಟೆಯಿಂದ ಬಂದು ಎರಡೇ ವರ್ಷದಲ್ಲಿ ಮಾಯವಾಗುತ್ತವೆ, ಕೆಲವು ಐವತ್ತು ವರ್ಷ ಕಳೆದರೂ ಓದಿಸಿಕೊಳ್ಳುತ್ತವೆ. ಯಾಕೆ ಹೀಗೆ ಅನ್ನೋದು ವಿಷಯ. ಆದರೆ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ.

ಅಲ್ಲಲ್ಲಿ 'ಯುವ ವಯಸ್ಕರ ಕಾದಂಬರಿ' ಅಂತ ಕಾಣುತ್ತದೆ. ನನಗಂತೂ ಹಿಡಿಸಲಿಲ್ಲ. 'ವಯಸ್ಕರ' ಅಂದ ತಕ್ಷಣ ನೆನಪಾಗೋದು ವಯಸ್ಕರ ಶಿಕ್ಷಣ, ಇಲ್ಲಾ ಸಿನಿಮಾ ಪೋಸ್ಟರಿನ 'ವಯಸ್ಕರಿಗೆ ಮಾತ್ರ'. ಹದಿನಾಲ್ಕರ ಹುಡುಗಿ ಓದುವ ಪುಸ್ತಕಕ್ಕೆ ಎರಡೂ ಹೊಂದಲ್ಲ. 'ಯುವ ಸಾಹಿತ್ಯ' ಅಂದರೆ ಬೇರೆ ಗೊಂದಲ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಸಿಗೋದು 35 ವರ್ಷದೊಳಗಿನ ಬರಹಗಾರರಿಗೆ. ಅಲ್ಲಿ 'ಯುವ' ಅಂದರೆ ಬರೆದವರು. ಅದೇ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದಲ್ಲಿ 'ಬಾಲ' ಅಂದರೆ ಓದುವವರು! ಅದೂ ಅಲ್ಲದೆ, 'ಯುವ' ಪದ ನಮ್ಮಲ್ಲಿ ಎಲ್ಲಿ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ನಲವತ್ತೈದು ದಾಟಿದರೂ ಯುವ ನಾಯಕರೇ ಅಲ್ವಾ? ಇನ್ನು 'ಕಿಶೋರ ಸಾಹಿತ್ಯ' ಬಂಗಾಳಿಯಲ್ಲಿ ಚೆನ್ನಾಗಿ ಬೇರುಬಿಟ್ಟ ಮಾತು. ಕನ್ನಡದಲ್ಲಿ ಯಾಕೋ ಅದನ್ನು ಕೇಳಿದರೆ ಆರೋಗ್ಯ ಇಲಾಖೆಯ ಕರಪತ್ರ ಓದಿದ ಹಾಗಾಗುತ್ತದೆ.

ಇಂಗ್ಲಿಷಿನಲ್ಲೂ 'ಯಂಗ್ ಅಡಲ್ಟ್' ಅನ್ನೋದು ಓದುಗರು ಇಟ್ಟುಕೊಂಡ ಹೆಸರಲ್ಲ. ಪುಸ್ತಕ ಜೋಡಿಸುವವರ ಅನುಕೂಲಕ್ಕೆ ಬಂದದ್ದು. ಅಮೆರಿಕದ ಗ್ರಂಥಾಲಯ ಸಂಘ 1957ರಲ್ಲಿ ಈ ಹೆಸರಿನಲ್ಲೇ ಒಂದು ವಿಭಾಗ ತೆರೆಯಿತು. ಅವರ ಲೆಕ್ಕದಲ್ಲಿ ಈಗ ಅದು 12ರಿಂದ 18 ವರ್ಷ. ಅದಕ್ಕೂ ಬಹಳ ಹಿಂದೆ, 1802ರಲ್ಲೇ, ಇಂಗ್ಲೆಂಡಿನ ಸಾರಾ ಟ್ರಿಮ್ಮರ್ ತಮ್ಮ ಪತ್ರಿಕೆಯಲ್ಲಿ ಮಕ್ಕಳ ಪುಸ್ತಕ ಬೇರೆ, 14ರಿಂದ 21ರವರ ಪುಸ್ತಕ ಬೇರೆ ಅಂತ ಗೆರೆ ಎಳೆದಿದ್ದರು. ವಯಸ್ಸು ಅವರವರ ಲೆಕ್ಕಕ್ಕೆ ತಕ್ಕಂತೆ ಹಿಂದೆ ಮುಂದೆ ಆಗಿದೆ, ಅಷ್ಟೇ.

ನನ್ನ ಒಲವು 'ಹದಿಹರೆಯದ ಕಾದಂಬರಿ' ಕಡೆಗೆ. ಎಣಿಸಿ ನೋಡಿ: ಹನ್ನೊಂದು, ಹನ್ನೆರಡು ಮುಗಿದ ಮೇಲೆ 'ಹದಿ' ಶುರು. ಹದಿಮೂರರಿಂದ ಹದಿನೆಂಟರವರೆಗೆ ನಡೆದು, ಹತ್ತೊಂಬತ್ತಕ್ಕೆ ಕೈಬಿಡುತ್ತದೆ. ಗ್ರಂಥಾಲಯ ಸಂಘದವರು ಕೂತು ಗೊತ್ತುಮಾಡಿದ ವಯಸ್ಸು ಹೆಚ್ಚುಕಡಿಮೆ ನಮ್ಮ ಎಣಿಕೆಯಲ್ಲೇ ಇದೆ. ಇಂಗ್ಲಿಷಿನ 'ಟೀನ್' ಕೂಡ ಒಂದು ವರ್ಷ ಜಾಸ್ತಿ ಓಡುತ್ತದೆ.

ಇಲ್ಲಿ ಒಂದು ತಕರಾರು ಬರಬಹುದು. 'ಹದಿಹರೆಯದ' ಅಂದರೆ ಆ ವಯಸ್ಸಿನವರಿಗಾಗಿ ಬರೆದದ್ದೋ, ಆ ವಯಸ್ಸಿನ ಬಗ್ಗೆ ಬರೆದದ್ದೋ? ಎರಡೂ ಆಗುತ್ತದೆ. ನನಗೆ ಈ ಪದ ಹಿಡಿಸಿದ್ದೇ ಅದಕ್ಕೆ. ಬಹುಕಾಲ ಉಳಿದ ಪುಸ್ತಕಗಳನ್ನು ನೋಡಿದರೆ, ಯಾರಿಗಾಗಿ ಬರೆದರು ಅನ್ನೋದಕ್ಕಿಂತ ಕಥೆ ಯಾರ ಕಣ್ಣಿನಿಂದ ನೋಡುತ್ತದೆ ಅನ್ನೋದೇ ಮುಖ್ಯ ಅನ್ನಿಸುತ್ತದೆ. 'ದಿ ಕ್ಯಾಚರ್ ಇನ್ ದ ರೈ' 1951ರಲ್ಲಿ ಬಂದದ್ದು ದೊಡ್ಡವರ ಕಾದಂಬರಿಯಾಗಿ. ಹೇಳುವ ದನಿ ಹದಿಹರೆಯದ್ದು, ಹಾಗಾಗಿ ಹುಡುಗರು ಅದನ್ನು ತಮ್ಮದು ಮಾಡಿಕೊಂಡರು.

ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' (1967) ಇನ್ನೂ ಒಳ್ಳೆಯ ಉದಾಹರಣೆ. ಬರೆಯುವಾಗ ಅವರಿನ್ನೂ ಹೈಸ್ಕೂಲಿನಲ್ಲಿದ್ದರು. ಅದರ ಮೊದಲ ವಾಕ್ಯ ನೋಡಿ. ಹದಿನಾಲ್ಕರ ಹುಡುಗ ಕತ್ತಲ ಟಾಕೀಸಿನಿಂದ ಬಿಸಿಲಿಗೆ ಬರುತ್ತಾನೆ. ಅವನ ತಲೆಯಲ್ಲಿ ಇರೋದು ಎರಡೇ: ನಟ ಪಾಲ್ ನ್ಯೂಮನ್, ಮತ್ತೆ ಮನೆ ತಲುಪಲು ಒಂದು ಗಾಡಿ. ಇವತ್ತಿನ ಓದುಗರಲ್ಲಿ ಎಷ್ಟು ಜನಕ್ಕೆ ಪಾಲ್ ನ್ಯೂಮನ್ ಗೊತ್ತು? ಆ ಕಾಲದ ಬೀದಿಮಾತುಗಳೂ ಪುಸ್ತಕದಲ್ಲಿ ಹಾಗೇ ಇವೆ, ಬಹಳಷ್ಟು ಹಳತಾಗಿವೆ. ಆದರೂ ಏನೂ ಕೆಟ್ಟಿಲ್ಲ. ತನಗಿಲ್ಲದ ರೂಪದ ಮೇಲೆ ಆಸೆ, ಒಬ್ಬನೇ ನಡೆದು ಹೋಗಬೇಕಲ್ಲ ಅನ್ನೋ ಅಳುಕು, ಎರಡೂ ಒಟ್ಟಿಗೆ ಇರುವ ವಯಸ್ಸು ಅದು. ಅದು ಇರೋವರೆಗೆ ನಟನ ಹೆಸರು ಯಾವುದಾದರೇನು? ಸುಮ್ನೆ ಆಗಿನ ಫ್ಯಾಷನ್ ನೋಡಿಕೊಂಡು ಬರೆದ ಪುಸ್ತಕದಲ್ಲಿ ಹೆಸರು ಹೋದರೆ ಉಳಿಯೋದು ಏನೂ ಇರಲ್ಲ.

ಇದರ ಜೊತೆಗೇ ಎರಡನೇ ಪದ. ಹೀಗೆ ಉಳಿಯುವ ಗುಣಕ್ಕೆ ಏನನ್ನೋಣ? 'ಸಾರ್ವಕಾಲಿಕ' ಅಂದರೆ ಇನ್ನೂ ಬಾರದ ಕಾಲಕ್ಕೂ ನಾವೇ ಜಾಮೀನು ಕೊಟ್ಟ ಹಾಗೆ. 'ಅಭಿಜಾತ' ಅಂದರೆ ಪುಸ್ತಕ ಗಾಜಿನ ಬೀರುವಿಗೆ ಹೋಗಿಬಿಡುತ್ತದೆ, ಯಾರೂ ಮುಟ್ಟಲ್ಲ. ನಾನು 'ಬಾಳಿಕೆ' ಅಂತ ಬರೆದಿದ್ದೇನೆ. ಬಟ್ಟೆಗೆ ಹೇಳುವ ಮಾತು ಅಂತ ಒಬ್ಬರು ಆಗಲೇ ಮೂಗು ಮುರಿದರು. ಹೌದು, ಬಟ್ಟೆಯ ಮಾತೇ. ದಿನಾ ಉಟ್ಟು ಒಗೆದ ಮೇಲೂ ಹರಿಯದಿದ್ದರೆ ತಾನೇ ಬಾಳಿಕೆ ಬಂತು ಅನ್ನೋದು? ಕೈಯಿಂದ ಕೈಗೆ ಹೋಗಿ, ಮೂಲೆ ಮಡಚಿ, ರಟ್ಟು ಕಿತ್ತುಬಂದ ಪುಸ್ತಕಕ್ಕೆ ಇದಕ್ಕಿಂತ ಹೊಂದುವ ಮಾತು ನನಗೆ ಸಿಕ್ಕಿಲ್ಲ. ಜೊತೆಗೆ 'ಜನಪ್ರಿಯ' ಪದಕ್ಕೆ ನಮ್ಮ ವಿಮರ್ಶೆ ಅಂಟಿಸಿದ ತಾತ್ಸಾರವೂ ಇದರಲ್ಲಿ ಇಲ್ಲ. ಜನಪ್ರಿಯ ಪುಸ್ತಕವೂ ಬಾಳಿಕೆ ಬರಬಹುದು, 'ಗಂಭೀರ' ಪುಸ್ತಕವೂ ಬಾರದೇ ಹೋಗಬಹುದು.

ಈಗ ನನ್ನ ಪ್ರಶ್ನೆಗಳು. 'ಹದಿಹರೆಯದ ಕಾದಂಬರಿ' ಅಂದರೆ ಪ್ರೇಮಕಥೆ ಅಂತಲೇ ಜನ ತಿಳಿಯುತ್ತಾರಾ? ಆ ಅನುಮಾನ ನನಗೆ ಪೂರ್ತಿ ಹೋಗಿಲ್ಲ. 'ಎಳೆಹರೆಯ' ಅಂತ ಯಾರಾದರೂ ಬಳಸಿದ್ದೀರಾ? ಇನ್ನೊಂದು, 2009ರ ಸುಮಾರಿಗೆ ಅಮೆರಿಕದ ಸೇಂಟ್ ಮಾರ್ಟಿನ್ಸ್ ಪ್ರಕಾಶನ 'ನ್ಯೂ ಅಡಲ್ಟ್' ಅಂತ ಹೊಸ ಹೆಸರು ಚಲಾವಣೆಗೆ ತಂದಿತು. ಕಾಲೇಜು ಮುಗಿಸಿ ಮೊದಲ ಕೆಲಸ ಹುಡುಕುವ ವಯಸ್ಸಿನವರ ಕಥೆಗಳು. ಅಲ್ಲಿಗೆ 'ಹದಿ' ಮುಗಿದಿರುತ್ತದೆ. 'ಹೊಸಪ್ರಾಯದ ಕಾದಂಬರಿ' ಅಂದರೆ ನಡೆಯುತ್ತದಾ? ಅಚ್ಚಿನಲ್ಲಿ ಎಲ್ಲಾದರೂ ಬಳಕೆ ಕಂಡಿದ್ದರೆ ವಾಕ್ಯ ಸಮೇತ ಕಳಿಸಿ.